ಮಗಳದ್ದು ಎಡ ಮೆದುಳಾ ಬಲ ಮೆದುಳಾ, ಸ್ಕ್ಯಾನ್ ನೋಡಿ ಹೇಳ್ತೀರಾ?

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ನನಗೆ ಈ ಪ್ರಶ್ನೆ ಬಂದೇ ಬರುತ್ತೆ. ಈ ವರ್ಷ ಕೇಳಿದ್ದು ಒಬ್ಬ ತಾಯಿ. ಮಗಳು ಚಿತ್ರ ತುಂಬ ಚೆನ್ನಾಗಿ ಬಿಡಿಸ್ತಾಳೆ, ಲೆಕ್ಕದಲ್ಲಿ ಸ್ವಲ್ಪ ಹಿಂದೆ, ಪಿಯುಸಿಗೆ ಪಿಸಿಎಂಬಿ ಕೊಡಿಸೋದಾ ಆರ್ಟ್ಸ್ ಕೊಡಿಸೋದಾ ಅಂತ ಮನೇಲಿ ದಿನಾ ಜಗಳ, ಟ್ಯೂಷನ್ ಮೇಷ್ಟ್ರು ಬೇರೆ "ಇವಳದ್ದು ಬಲ ಮೆದುಳು" ಅಂದುಬಿಟ್ಟಿದಾರೆ. "ನೀವು ಮೆದುಳು ಸ್ಕ್ಯಾನ್ ಮಾಡೋ ಕೆಲಸದಲ್ಲೇ ಇದೀರಲ್ಲ ಮೇಡಂ, ಇಲ್ಲೇ ಒಂದು ಎಂಆರ್‌ಐ ಮಾಡಿಸಿ ಕಳಿಸಿದ್ರೆ ನೋಡಿ ಹೇಳ್ತೀರಾ?"

ಇಲ್ಲ, ಹೇಳಕ್ಕಾಗಲ್ಲ. ನನಗಷ್ಟೇ ಅಲ್ಲ, ಯಾರಿಗೂ ಆಗಲ್ಲ, ಯಾಕಂದ್ರೆ ಎಡ ಮೆದುಳಿನವರು ಬಲ ಮೆದುಳಿನವರು ಅಂತ ಎರಡು ಥರದ ಜನ ಇಲ್ಲವೇ ಇಲ್ಲ. ಆ ದುಡ್ಡು ಉಳಿಸಿಕೊಳ್ಳಿ. ಇದನ್ನ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಅದಕ್ಕೇ ಈ ಸಲ ಪೂರ್ತಿ ಬರೆದುಬಿಡ್ತೀನಿ, ಮುಂದಿನ ವರ್ಷ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸ್ಬಹುದು.

ಮೊದಲು ಒಂದು ಮಾತು, ನಾನು ಡಾಕ್ಟರ್ ಅಲ್ಲ. ಅಮೆರಿಕಾದ ಒಂದು ಯೂನಿವರ್ಸಿಟಿ ಮೆಡಿಕಲ್ ಸ್ಕೂಲ್‌ನಲ್ಲಿ ರಿಸರ್ಚ್ ಮಾಡ್ತೀನಿ, ಪಿಎಚ್‌ಡಿ ಮಾಡಿದವಳು. ಸ್ಕ್ಯಾನ್ ನೋಡಿ ಗಡ್ಡೆ ಇದೆಯಾ, ಸ್ಟ್ರೋಕ್ ಆಗಿದೆಯಾ ಅಂತ ಹೇಳೋದು ರೇಡಿಯಾಲಜಿಸ್ಟ್ ಕೆಲಸ. ನನ್ನ ಕೆಲಸ ಫಂಕ್ಷನಲ್ ಎಂಆರ್‌ಐ, ಅಂದ್ರೆ ಒಬ್ಬರು ಏನೋ ಓದ್ತಾ, ಕೇಳ್ತಾ, ಯೋಚಿಸ್ತಾ ಇರೋವಾಗ ಮೆದುಳಿನ ಯಾವ ಭಾಗದಲ್ಲಿ ರಕ್ತದ ಹರಿವು ಹೆಚ್ಚಾಗುತ್ತೆ ಅಂತ ಅಳೆಯೋದು.

ಈಗ ಈ ಎಡ ಬಲದ ಕಥೆ ಎಲ್ಲಿಂದ ಬಂತು ನೋಡಿ. ಸುಮ್ನೆ ಹುಟ್ಟಿದ್ದಲ್ಲ, ಬೇರು ನಿಜವಾದ್ದೇ, ಅದಕ್ಕೇ ಕೀಳೋದು ಇಷ್ಟು ಕಷ್ಟ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನೋ ಡಾಕ್ಟರ ಹತ್ರ ಒಬ್ಬ ರೋಗಿ ಇದ್ದ, ಏನು ಕೇಳಿದ್ರೂ ಬಾಯಲ್ಲಿ ಬರ್ತಿದ್ದದ್ದು "ಟಾನ್" ಅನ್ನೋ ಒಂದೇ ಶಬ್ದ, ಆದ್ರೆ ಬೇರೆಯವರ ಮಾತು ಅರ್ಥ ಆಗ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದ್ರೆ ಮೆದುಳಿನ ಎಡಗಡೆ ಮುಂಭಾಗ ಹಾಳಾಗಿತ್ತು. ಅಲ್ಲಿಂದ ಮಾತು ಹೆಚ್ಚಾಗಿ ಎಡಗಡೆ ಅಂತ ಗೊತ್ತಾಯ್ತು, ಅದು ಇವತ್ತಿಗೂ ಸರಿ. ಆಮೇಲೆ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೋಜರ್ ಸ್ಪೆರ್ರಿ ಮತ್ತೆ ಅವರ ಜೊತೆಯವರು ಪರೀಕ್ಷೆ ಮಾಡಿದ್ದು ಎಂಥವರನ್ನ ಅಂದ್ರೆ, ಮೂರ್ಛೆ ರೋಗ ಯಾವ ಔಷಧಿಗೂ ಬಗ್ಗದೆ, ಎಡ ಬಲ ಭಾಗಗಳನ್ನ ಸೇರಿಸೋ ಸೇತುವೆಯನ್ನೇ ಆಪರೇಷನ್ ಮಾಡಿ ಕತ್ತರಿಸಿಕೊಂಡವರನ್ನ. ಆ ಸೇತುವೆಯಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಅಂಥವರಿಗೆ ಎಡಗಡೆ ನೋಟಕ್ಕೆ ಮಾತ್ರ ಬೀಳೋ ಹಾಗೆ ಒಂದು ಚಮಚದ ಚಿತ್ರ ಕ್ಷಣ ಮಾತ್ರ ತೋರಿಸಿದ್ರೆ ಅದು ಬಲ ಮೆದುಳಿಗೆ ಹೋಗುತ್ತೆ, ಮಾತಾಡೋದು ಎಡ ಮೆದುಳು, ಹಾಗಾಗಿ ಬಾಯಿ "ಏನೂ ಕಾಣಿಸ್ಲಿಲ್ಲ" ಅನ್ನುತ್ತೆ, ಆದ್ರೆ ಎಡಗೈ ಪರದೆ ಹಿಂದೆ ತಡಕಿ ಚಮಚಾನೇ ಎತ್ತಿಕೊಳ್ಳುತ್ತೆ. ನಾನು ಇದನ್ನ ಮೊದಲ ಸಲ ಓದಿದ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ. 1981ರಲ್ಲಿ ಸ್ಪೆರ್ರಿಗೆ ನೊಬೆಲ್ ಬಂತು, ಬರಲೇಬೇಕಾದ್ದು.

ಅಷ್ಟರಲ್ಲಿ ಇದು ಪ್ರಯೋಗಾಲಯದಿಂದ ಪತ್ರಿಕೆಗಳಿಗೆ, ಅಲ್ಲಿಂದ ಟ್ರೈನಿಂಗ್ ಕ್ಲಾಸುಗಳಿಗೆ ಹೋಗಿ, ಎಡ ಅಂದ್ರೆ ಲೆಕ್ಕ ತರ್ಕ, ಬಲ ಅಂದ್ರೆ ಕಲೆ ಕಲ್ಪನೆ, ನಿಮ್ಮದು ಯಾವ್ದು ಅಂತ ಆಗಿಹೋಯ್ತು. ಅವರಿಗೆ ಸೇತುವೆ ಕತ್ತರಿಸಿತ್ತು ಅನ್ನೋದನ್ನ ಮಾತ್ರ ಎಲ್ಲರೂ ಮರೆತರು. ನಿಮ್ಮ ಮಗಳಿಗೆ ಸೇತುವೆ ಗಟ್ಟಿಯಾಗಿದೆ. ಎಡಗಡೆ ಗೊತ್ತಾಗಿದ್ದು ಬಲಗಡೆಗೆ ಕಣ್ಣು ಮಿಟುಕಿಸೋದಕ್ಕಿಂತ ಬೇಗ ಗೊತ್ತಾಗುತ್ತೆ.

ಇನ್ನೊಂದು ಯೋಚನೆ ಮಾಡಿ, ಬಲಗೈಯನ್ನ ಆಡಿಸೋದು ಎಡ ಮೆದುಳು. ಬಲಗೈಯಲ್ಲಿ ಬ್ರಷ್ ಹಿಡಿಯೋ ಕಲಾವಿದರ ಒಂದೊಂದು ಗೆರೆಯೂ ಎಡ ಮೆದುಳಿನಿಂದಲೇ ಬರ್ಬೇಕು. ಲೆಕ್ಕಾನೂ ಅಷ್ಟೇ, ಯಾವ ಸಂಖ್ಯೆ ದೊಡ್ಡದು ಯಾವುದು ಚಿಕ್ಕದು ಅಂತ ಅಂದಾಜು ಮಾಡೋವಾಗ ತಲೆಯ ಹಿಂಭಾಗದ ಮೇಲ್ಗಡೆ ಎರಡೂ ಪಕ್ಕದಲ್ಲಿ ಕೆಲಸ ನಡೆಯುತ್ತೆ. ಎಡಗಡೆಯದು ಅಂತ ಎಲ್ಲರೂ ಒಪ್ಪೋ ಮಾತನ್ನೇ ತಗೊಳ್ಳಿ. "ಹೌದಾ" ಅನ್ನೋ ಒಂದೇ ಪದ, ಪ್ರಶ್ನೆಯಾಗಿ ಹೇಳ್ಬಹುದು, ಆಶ್ಚರ್ಯದಲ್ಲಿ ಹೇಳ್ಬಹುದು, ಸಿಟ್ಟಲ್ಲಿ ಹೇಳ್ಬಹುದು. ಆ ರಾಗ ಹಿಡಿಯೋದರಲ್ಲಿ ಬಲಗಡೆಯ ಪಾಲು ದೊಡ್ಡದು. ಬಲಗಡೆ ಸ್ಟ್ರೋಕ್ ಆದ ಕೆಲವರಿಗೆ ಪದ ಎಲ್ಲ ಅರ್ಥ ಆಗುತ್ತೆ, ಎದುರಿನವರು ಸಿಟ್ಟಾಗಿದಾರೆ ಅನ್ನೋದು ಮಾತ್ರ ದನಿಯಿಂದ ತಿಳಿಯಲ್ಲ.

"ಆದ್ರೆ ಒಂದೇ ಕಡೆ ಕೆಂಪಗೆ ಹೊಳೀತಿರೋ ಫೋಟೋ ನಾವೇ ನೋಡಿದೀವಲ್ಲ" ಅಂತೀರಿ. ಈ ಫೋಟೋನೇ ಅರ್ಧ ತೊಂದರೆಗೆ ಕಾರಣ, ಮತ್ತೆ ಅದನ್ನ ಮಾಡಿ ಹಂಚೋರು ನಾವೇ, ಹಾಗಾಗಿ ಬಿಡಿಸಿ ಹೇಳೋ ಜವಾಬ್ದಾರಿಯೂ ನಮ್ಮದೇ. ಮೆದುಳಿನ ಯಾವ ಭಾಗವೂ ಸ್ವಿಚ್ ಹಾಕಿದ ಬಲ್ಬಿನ ಹಾಗೆ ಹತ್ತಿ ಆರಲ್ಲ. ದೇಹದ ತೂಕದಲ್ಲಿ ಮೆದುಳು ಸುಮಾರು 2 ಪರ್ಸೆಂಟ್, ಉರಿಸೋ ಶಕ್ತಿ ಸುಮಾರು 20 ಪರ್ಸೆಂಟ್, ಅದೂ ಸುಮ್ನೆ ಮಲಗಿದ್ದಾಗಲೂ. ಅಷ್ಟು ಕೆಲಸದ ಮೇಲೆ ನಾವು ಅಳೆಯೋ ಏರಿಳಿತ ಒಂದೆರಡು ಪರ್ಸೆಂಟ್ ಮಾತ್ರ. ಸ್ಕ್ಯಾನರ್‌ನಲ್ಲಿ ಮಲಗಿರೋರಿಗೆ 30 ಸೆಕೆಂಡ್ "ಕ"ದಿಂದ ಶುರುವಾಗೋ ಪದಗಳನ್ನ ಮನಸ್ಸಲ್ಲೇ ನೆನೆಸಿಕೊಳ್ಳಿ ಅಂತೀವಿ, ಆಮೇಲೆ 30 ಸೆಕೆಂಡ್ ಸುಮ್ನೆ ಪರದೆ ಮೇಲಿನ ಪ್ಲಸ್ ಗುರುತು ನೋಡಿ ಅಂತೀವಿ, ಹೀಗೆ ಹಲವು ಸಲ ಮಾಡಿ ಅದರಿಂದ ಇದನ್ನ ಕಳೀತೀವಿ. ಉಳಿದ ವ್ಯತ್ಯಾಸದಲ್ಲಿ ಒಂದು ಮಟ್ಟಕ್ಕಿಂತ ಮೇಲಿರೋದಕ್ಕೆ ಮಾತ್ರ ಬಣ್ಣ ಹಾಕ್ತೀವಿ. ಎರಡೂ ಹೊತ್ತು ಒಂದೇ ಸಮ ದುಡೀತಿದ್ದ ಭಾಗ ಫೋಟೋದಲ್ಲಿ ಬರೋದೇ ಇಲ್ಲ.

ಆ ಮಟ್ಟವನ್ನ ಆರಿಸೋದು ನಾವು. ಕೆರೆ ತುಂಬಿದಾಗ ಮಧ್ಯೆ ಒಂದೇ ಬಂಡೆಯ ನೆತ್ತಿ ಕಾಣುತ್ತೆ, ಬೇಸಿಗೆಯಲ್ಲಿ ನೀರು ಇಳಿದ್ರೆ ಸುತ್ತ ಹತ್ತು ಬಂಡೆ, ಬಂಡೆಗಳೇನು ಹೊಸದಾಗಿ ಹುಟ್ಟಿದ್ದಲ್ಲ. ಹೊಸ ವಿದ್ಯಾರ್ಥಿಗಳು ಬಂದಾಗ ನಾನು ಇದನ್ನ ಕಂಪ್ಯೂಟರ್‌ನಲ್ಲೇ ತೋರಿಸ್ತೀನಿ, ಒಬ್ಬರದ್ದೇ ಸ್ಕ್ಯಾನ್, ಮೊದಲು ಎಡಗಡೆ ಒಂದೇ ಒಂದು ಕೆಂಪು ಮಚ್ಚೆ, ಮಟ್ಟ ಇಳಿಸ್ತಾ ಹೋದ ಹಾಗೆ ಬಲಗಡೆಯೂ ಅದೇ ಜಾಗದಲ್ಲಿ ಬಣ್ಣ ಬರುತ್ತೆ. ಮಟ್ಟಾನ ಮನಸ್ಸಿಗೆ ಬಂದ ಹಾಗೆ ಇಳಿಸೋ ಹಾಗೂ ಇಲ್ಲ. 2009ರಲ್ಲಿ ಕ್ರೇಗ್ ಬೆನೆಟ್ ಅನ್ನೋರು ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಸಾವಿರಾರು ಬಿಂದುಗಳನ್ನ ಒಟ್ಟಿಗೆ ಪರೀಕ್ಷಿಸೋವಾಗ ಆಕಸ್ಮಿಕವಾಗಿ ಬರೋ ಸುಳ್ಳು ಮಚ್ಚೆಗಳನ್ನ ತಡೆಯಕ್ಕೆ ಮಾಡ್ಲೇಬೇಕಾದ ತಿದ್ದುಪಡಿ ಬಿಟ್ಟು ಲೆಕ್ಕ ಹಾಕಿ ತೋರಿಸಿದ್ರು, ಸತ್ತ ಮೀನಿನ ತಲೆಯಲ್ಲೂ ಚಟುವಟಿಕೆ ಅಂತ ಕೆಂಪು ಮಚ್ಚೆ ಬಂತು. ನಮ್ಮ ಕ್ಷೇತ್ರಕ್ಕೆ ಆ ಮೀನು ಮಾಡಿದಷ್ಟು ಉಪಕಾರ ದೊಡ್ಡ ದೊಡ್ಡ ಭಾಷಣಗಳು ಮಾಡಿಲ್ಲ.

ನೇರವಾಗಿ ಈ ಪ್ರಶ್ನೆಯನ್ನೇ ಪರೀಕ್ಷೆ ಮಾಡಿದವರೂ ಇದಾರೆ. 2013ರಲ್ಲಿ ಯೂಟಾ ಯೂನಿವರ್ಸಿಟಿಯವರು 7ರಿಂದ 29 ವರ್ಷದ 1011 ಜನರ ಸ್ಕ್ಯಾನ್ ತಗೊಂಡು, ಮೆದುಳನ್ನ ಏಳು ಸಾವಿರ ಚಿಲ್ಲರೆ ಭಾಗ ಮಾಡಿ ನೋಡಿದ್ರು. ಮಾತಿಗೆ ಸಂಬಂಧಪಟ್ಟ ಕೆಲವು ಜಾಗ ಎಡಕ್ಕೆ ವಾಲಿದ್ವು, ಗಮನಕ್ಕೆ ಸಂಬಂಧಪಟ್ಟ ಕೆಲವು ಬಲಕ್ಕೆ ವಾಲಿದ್ವು, ಆದ್ರೆ ಇಡೀ ಮೆದುಳೇ ಎಡಕ್ಕೋ ಬಲಕ್ಕೋ ವಾಲಿರೋ ಜನ ಅಂತ ಒಂದು ಗುಂಪು ಸಿಗಲೇ ಇಲ್ಲ.

ಎಡ ಬಲ ನಿಜವಾಗಲೂ ಮುಖ್ಯ ಆಗೋ ಜಾಗ ಒಂದಿದೆ, ಆಪರೇಷನ್ ಥಿಯೇಟರ್. ಮೂರ್ಛೆ ರೋಗಕ್ಕೋ ಗಡ್ಡೆಗೋ ಮೆದುಳಿನ ಆಪರೇಷನ್ ಮಾಡೋ ಮೊದಲು ಈ ರೋಗಿಯ ಮಾತು ಯಾವ ಕಡೆ ಇದೆ ಅಂತ ಸರ್ಜನ್‌ಗೆ ಗೊತ್ತಿರ್ಬೇಕು. ಹಿಂದೆ ಕತ್ತಿನ ರಕ್ತನಾಳದ ಮೂಲಕ ಅರ್ಧ ಮೆದುಳಿಗೆ ಔಷಧಿ ಕೊಟ್ಟು ಮಂಪರು ಬರಿಸಿ ಮಾತಾಡಿಸಿ ನೋಡ್ತಿದ್ರು, ವಾಡಾ ಪರೀಕ್ಷೆ ಅಂತ. ಈಗ ಬಹಳಷ್ಟು ಕಡೆ ನಮ್ಮ "ಕ" ಪದಗಳ ಥರದ ಸ್ಕ್ಯಾನ್ ಸಹಾಯಕ್ಕೆ ಬರುತ್ತೆ. ಅದರಲ್ಲಿ ಗೊತ್ತಾಗೋದು ಮಾತು ಯಾವ ಕಡೆ ಅನ್ನೋದಷ್ಟೇ, ಯಾವ ಕಾಂಬಿನೇಷನ್ ತಗೋಬೇಕು ಅಂತಲ್ಲ.

ಹಾಗೇ ಬೆರಳಚ್ಚು ತಗೊಂಡು "ನಿಮ್ಮ ಮಗು ಬಲ ಮೆದುಳು ಇಷ್ಟು ಪರ್ಸೆಂಟ್" ಅಂತ ಬಣ್ಣದ ರಿಪೋರ್ಟ್ ಕೊಡೋರ ಹತ್ರ ಹೋಗ್ಬೇಡಿ. ಬೆರಳಿನ ಗೆರೆ ತಾಯಿ ಹೊಟ್ಟೆಯಲ್ಲೇ ಮೂಡಿ ಮುಗಿದಿರುತ್ತೆ, ಅದರಲ್ಲಿ ಮಗು ಮುಂದೆ ಏನು ಕಲಿಯುತ್ತೆ ಅಂತ ಬರೆದಿರಲ್ಲ. ಮಗಳು ಲೆಕ್ಕದಲ್ಲಿ ಹಿಂದೆ ಅಂದ್ರೆ ಯಾವ ಪಾಠದಿಂದ ಹಿಂದೆ ಬಿದ್ದಳು ಅಂತ ಅವಳ ಹತ್ರ ಕೂತು ಕೇಳಿ. ಭಿನ್ನರಾಶಿಯಲ್ಲೇ ಎಡವಿರೋ ಮಕ್ಕಳು ಎಷ್ಟೋ ಇದಾರೆ.

ಇನ್ನು ಯಾರೂ ಕೇಳದ ಒಂದು ವಿಷಯ, ಎಡಗೈ. ಎಡ ಬಲ ಅಂತ ಬರೆಯಕ್ಕೆ ಕೂತ ಮೇಲೆ ಇದನ್ನ ಬಿಡಕ್ಕೆ ಮನಸ್ಸು ಬರ್ತಿಲ್ಲ. ಜನರಲ್ಲಿ ಸುಮಾರು 10 ಪರ್ಸೆಂಟ್ ಎಡಚರು. ಎಡಗೈ ಅಂದ್ರೆ ಎಲ್ಲಾ ತಿರುಗುಮುರುಗು ಅಂದ್ಕೋಬೇಡಿ, ಬಲಗೈಯವರಲ್ಲಿ ನೂರಕ್ಕೆ ಸುಮಾರು 95 ಜನಕ್ಕೆ ಮಾತು ಎಡಗಡೆ, ಎಡಗೈಯವರಲ್ಲೂ ನೂರಕ್ಕೆ ಸುಮಾರು 70 ಜನಕ್ಕೆ ಎಡಗಡೆಯೇ. ನನಗೆ ಬೇಜಾರಿನ ವಿಷಯ ಏನಂದ್ರೆ ನಮ್ಮ ಕ್ಷೇತ್ರದ ಎಷ್ಟೋ ಅಧ್ಯಯನಗಳಲ್ಲಿ "ಬಲಗೈಯವರು ಮಾತ್ರ" ಅಂತ ಷರತ್ತು ಹಾಕಿ ಇವರನ್ನ ಬಾಗಿಲಲ್ಲೇ ವಾಪಸ್ ಕಳಿಸಿದೀವಿ, ಡೇಟಾ ಅಚ್ಚುಕಟ್ಟಾಗಿ ಬರ್ಲಿ ಅಂತ. ಮನುಷ್ಯರ ಮೆದುಳು ಅಂತ ಹೇಳ್ಕೊಂಡು ಹತ್ತರಲ್ಲಿ ಒಬ್ಬರನ್ನ ಹೊರಗಿಟ್ಟಿದೀವಿ.

ಮನೆಗಳಲ್ಲಿ ಇದರದ್ದೇ ಇನ್ನೊಂದು ರೂಪ, ಎಡಗೈಲಿ ಬರೆದ್ರೆ ಏಟು, ಎಡಗೈಲಿ ದುಡ್ಡು ಕೊಟ್ರೆ ಬೈಗಳು. ಚಿಕ್ಕಂದಿನಲ್ಲಿ ಬಲವಂತವಾಗಿ ಬಲಗೈಗೆ ಬದಲಾಯಿಸಿದ ಎಡಚರನ್ನ ದೊಡ್ಡವರಾದ ಮೇಲೆ ಸ್ಕ್ಯಾನ್ ಮಾಡಿದ ಒಂದು ಅಧ್ಯಯನ 2007ರಲ್ಲಿ ಬಂತು. ಕೈಬೆರಳನ್ನ ನೇರವಾಗಿ ಆಡಿಸೋ ಜಾಗ ಬಲಗೈಯವರ ಹಾಗೆ ಆಗಿತ್ತು, ಆದ್ರೆ ಚಲನೆಯನ್ನ ಯೋಜಿಸೋ ಮೇಲಿನ ಹಂತದ ಜಾಗಗಳಲ್ಲಿ ಎಡಗೈತನ ಹಾಗೇ ಉಳಿದಿತ್ತು. ಅಷ್ಟು ವರ್ಷ ಬಲಗೈಲಿ ಬರೆದ ಮೇಲೂ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ಚಿಕ್ಕಮ್ಮ. ಒಂದನೇ ಕ್ಲಾಸಲ್ಲಿ ಮೇಷ್ಟ್ರು ಅವಳ ಎಡಗೈ ಮೇಲೆ ರೂಲರ್‌ನಿಂದ ಹೊಡೆದು ಹೊಡೆದು ಬಲಗೈ ಅಭ್ಯಾಸ ಮಾಡಿಸಿದ್ರು. ಈಗ ಅವಳಿಗೆ ಅರವತ್ತು ದಾಟಿದೆ, ಬರೆಯೋದು ಬಲಗೈ, ಊಟ ಬಲಗೈ, ಬ್ಯಾಂಕಲ್ಲಿ ಸಹಿ ಬಲಗೈ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಪುಡಿ ತಗೊಂಡು ಕೂತ್ರೆ ಮಾತ್ರ ಚುಕ್ಕಿ ಇಡೋದು, ಎಳೆ ಎಳೆಯೋದು ಎಲ್ಲಾ ಎಡಗೈಲೇ.