ಪಥ್ಯವೇ ಒತ್ತಡವಾದಾಗ: ಮಧುಮೇಹ ಮತ್ತು ಜೀವನಕ್ರಮ ಬದಲಾವಣೆಯ ಅಧ್ಯಯನ ಟಿಪ್ಪಣಿ

ಎರಡನೇ ಬಗೆಯ ಮಧುಮೇಹ ಹೊಸದಾಗಿ ಪತ್ತೆಯಾದವರು ಊಟ, ನಡಿಗೆ, ನಿದ್ರೆ ಮೂರನ್ನೂ ಒಟ್ಟಿಗೇ ತಿದ್ದಿಕೊಳ್ಳಬೇಕಾಗುತ್ತದೆ. ಈ ತಿದ್ದುಪಡಿಯೇ ಒತ್ತಡವಾಗಿ, ತಿರುಗಿ ರಕ್ತದ ಸಕ್ಕರೆಯನ್ನೇ ಏರಿಸಬಲ್ಲದು ಎಂಬ ಅಂಶ ಓದುವಾಗ ಸುಲಭವಾಗಿ ಕಣ್ತಪ್ಪುತ್ತದೆ. ಒತ್ತಡದಲ್ಲಿ ಸ್ರವಿಸುವ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಯಕೃತ್ತಿನಿಂದ ಗ್ಲುಕೋಸ್ ಬಿಡುಗಡೆ ಮಾಡಿಸುತ್ತವೆ, ಇನ್ಸುಲಿನ್ನಿನ ಕೆಲಸವನ್ನೂ ಕುಂದಿಸುತ್ತವೆ. ಹೀಗಾಗಿ ರಾತ್ರಿ ಮಿತವಾಗಿ ಉಂಡು, ಚಿಂತೆಯಲ್ಲಿ ನಿದ್ದೆಗೆಟ್ಟವರ ಬೆಳಗಿನ ಅಂಕಿ ಏರಿದ್ದರೆ, ಅದನ್ನು ಪಥ್ಯ ಮುರಿದುದಕ್ಕೆ ಸಾಕ್ಷಿಯೆಂದು ಓದುವುದು ತಪ್ಪಾದೀತು.

ಒತ್ತಡವನ್ನು ನಿಭಾಯಿಸಲು ಮನೋವಿಜ್ಞಾನಿಗಳಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ವಿವರಿಸಿದ ಎರಡು ದಾರಿಗಳು ಇಲ್ಲಿ ಉಪಯುಕ್ತ: ಸಮಸ್ಯೆಯನ್ನೇ ಬದಲಿಸುವುದು ಒಂದು, ಅದು ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು ಇನ್ನೊಂದು. ಮನೆಯವರಿಗೆಲ್ಲ ಒಂದು ಅಡುಗೆ, ತನಗೊಬ್ಬಳಿಗೆ ಬೇರೆ ಎಂಬ ಕಿರಿಕಿರಿ ಮೊದಲ ದಾರಿಗೆ ಸೇರಿದ್ದು. ಎಲ್ಲರ ತಟ್ಟೆಯಲ್ಲೂ ಅನ್ನ ಕಡಿಮೆಯಾಗಿ ಪಲ್ಯ, ಕೋಸಂಬರಿ ಹೆಚ್ಚಿದರೆ ಅದು ಬಹುಪಾಲು ಕರಗುತ್ತದೆ. (ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಮುದ್ದೆಯೂ ಪಿಷ್ಟವೇ, ಅದರ ಗಾತ್ರವನ್ನೂ ನೋಡಬೇಕು.) ಆದರೆ ಕಾಯಿಲೆ ಬಹುಕಾಲ ಜೊತೆಗಿರುತ್ತದೆಂಬ ದುಗುಡಕ್ಕೆ ಅಡುಗೆಮನೆಯಲ್ಲಿ ಉತ್ತರವಿಲ್ಲ. ಅದನ್ನು ಆಪ್ತರೊಡನೆ ಹೇಳಿಕೊಳ್ಳುವುದು, ಜೊತೆಗಾರರೊಂದಿಗೆ ನಡೆಯುವುದು ಎರಡನೇ ದಾರಿ. ವೈದ್ಯರು ಹೇಳದಿದ್ದರೂ ಗಳಿಗೆಗೊಮ್ಮೆ ಬೆರಳು ಚುಚ್ಚಿ ನೋಡುವವರು ಈ ದುಗುಡಕ್ಕೆ ಮೊದಲ ದಾರಿಯ ಮದ್ದು ಹುಡುಕುತ್ತಿರುತ್ತಾರೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ, ಆ ಕಣಗಳಲ್ಲಿನ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಒಂದು ದಿನದ ಅಂಕಿಗಿಂತ ನ್ಯಾಯವಾದ ಅಳತೆಗೋಲು.

ಯುಗಾದಿಯಂದು ಒಂದು ಹೋಳಿಗೆ ತಿಂದು, "ಹೇಗೂ ಕೆಟ್ಟಿತು, ಇನ್ನೆರಡು ಬರಲಿ" ಎನ್ನುವ ಮನಃಸ್ಥಿತಿಯನ್ನು ಮನೋವಿಜ್ಞಾನಿ ಅಲನ್ ಮಾರ್ಲಟ್ ಮದ್ಯವ್ಯಸನದ ಅಧ್ಯಯನದಲ್ಲಿ ಗುರುತಿಸಿದ್ದರು: ಜಾರಿದ್ದಕ್ಕಿಂತ, ಜಾರಿದ ಮೇಲಿನ ಅಪರಾಧಭಾವವೇ ಹೆಚ್ಚು ಕೆಡಿಸುತ್ತದೆ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ಅವರ ತಂಡ 96 ಮಂದಿಯನ್ನು ಗಮನಿಸಿದಾಗ, ಹೊಸ ಅಭ್ಯಾಸ ನೆಲೆಗೊಳ್ಳಲು ಹಿಡಿಯುವ ಕಾಲದ ಅಂದಾಜು 18ರಿಂದ 254 ದಿನಗಳವರೆಗೆ ಹರಡಿಕೊಂಡಿತ್ತು. ಒಮ್ಮೆ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಿರಲಿಲ್ಲ.

ಹೋಳಿಗೆಯ ಪ್ರಾಯಶ್ಚಿತ್ತವೆಂದು ಮರುದಿನ ಉಪವಾಸ ಕೂರುವುದು ಮಾತ್ರ ಅಪಾಯಕರ. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ ಗುಂಪಿನ (ದೇಹದಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ) ಮಾತ್ರೆ ತೆಗೆದುಕೊಳ್ಳುವವರಲ್ಲಿ, ಉಪವಾಸದಿಂದ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ ಕಾಣಿಸಿಕೊಳ್ಳಬಹುದು. ಆತಂಕದ ಲಕ್ಷಣಗಳೂ ಹೆಚ್ಚುಕಡಿಮೆ ಇವೇ ಆದ್ದರಿಂದ, ಅಂಥ ಹೊತ್ತಿನಲ್ಲಿ "ಟೆನ್ಷನ್" ಎಂದು ಸುಮ್ಮನಾಗದೆ ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.