ದೊಡ್ಡ ಹುಣಸೆಯ ವಯಸ್ಸು: ಉಂಗುರ ಎಣಿಸಿದರೆ ಸಾಲದು

ಹಾವೇರಿ ಜಿಲ್ಲೆಯ ಸವಣೂರಿನ ಮಠದಲ್ಲಿರುವ ದೊಡ್ಡ ಹುಣಸೆ ಮರಗಳನ್ನು ಕಂಡವರೆಲ್ಲ ಮೊದಲು ಕೇಳುವುದು ‘ಎಷ್ಟು ವರ್ಷದ್ದು?’ ಎಂದೇ. ಹೆಸರು ಹುಣಸೆಯಾದರೂ ಇದು ಹುಣಸೆಯ ಕುಲದ್ದಲ್ಲ. ಆಫ್ರಿಕಾ ಮೂಲದ ಬಾವೊಬಾಬ್. ಊರಿನವರ ಲೆಕ್ಕ ಸಾವಿರಗಳಲ್ಲಿದೆ. ಆ ಗಾತ್ರ ನೋಡಿದರೆ ನಂಬಲೂ ಮನಸ್ಸಾಗುತ್ತದೆ.

ಆದರೆ ಗಾತ್ರ ನಂಬುವಂಥದ್ದಲ್ಲ. ಬಾವೊಬಾಬ್ ಕಾಂಡದ ತುಂಬ ನೀರು; ಬರ ಬಂದರೆ ಸುತ್ತಳತೆಯೇ ತುಸು ಕುಗ್ಗುತ್ತದೆ! ಉಂಗುರಗಳೂ ಕೈಕೊಡುತ್ತವೆ. ತೇಗದಂತೆ ಸ್ಪಷ್ಟವಾಗಿರುವುದಿಲ್ಲ, ಕೆಲವು ವರ್ಷ ಮೂಡುವುದೇ ಇಲ್ಲ. ಮೇಲಾಗಿ ಹಳೆಯ ಮರದ ನಡುವೆ ಪೊಟರೆ, ಎಣಿಸಲು ಮರವೇ ಇರುವುದಿಲ್ಲ.

ಉಳಿದ ದಾರಿ ಇಂಗಾಲ-14, ಅಂದರೆ ಗಾಳಿಯಿಂದ ಮರ ಸೇರಿ, ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಇಂಗಾಲ. ಇದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 5,730 ವರ್ಷ. ಮರದ ಚೂರಿನಲ್ಲಿ ಅದು ಎಷ್ಟು ಉಳಿದಿದೆ ಎಂದು ಅಳೆದರೆ ಆ ಚೂರು ಬೆಳೆದ ಕಾಲ ತಿಳಿಯುತ್ತದೆ. ಗಮನಿಸಿ: ತಿಳಿಯುವುದು ಚೂರಿನ ವಯಸ್ಸು, ಮರದ್ದಲ್ಲ.

ನನಗೆ ತುಂಬ ಹಿಡಿಸಿದ ಭಾಗ ಮುಂದಿನದು. ಮರ ಕೊಳೆತು ಪೊಟರೆಯಾಗಿದ್ದರೆ ಪೊಟರೆಯ ಅಂಚಿನ ಮರವೇ ಎಲ್ಲಕ್ಕಿಂತ ಹಳೆಯದಾಗಿರಬೇಕು, ಹೊರಕ್ಕೆ ಬಂದಂತೆ ಎಳೆಯದು. ರೊಮೇನಿಯಾದ ವಿಜ್ಞಾನಿ ಏಡ್ರಿಯನ್ ಪಟ್ರುಟ್ ಮತ್ತು ಸಂಗಡಿಗರು ಆಫ್ರಿಕಾದ ಮರಗಳಲ್ಲಿ ಪರೀಕ್ಷಿಸಿದಾಗ ಹಲವೆಡೆ ಲೆಕ್ಕ ತಿರುಗುಮುರುಗಾಯಿತು: ಪೊಟರೆಯ ಅಂಚಿನಿಂದ ಹೊರಗಿನ ತೊಗಟೆಯ ಕಡೆಗೆ ಹೋದಂತೆ ವಯಸ್ಸು ಏರಿ, ಗೋಡೆಯ ಮಧ್ಯದಲ್ಲೆಲ್ಲೋ ತುದಿ ಮುಟ್ಟಿ, ಮತ್ತೆ ಇಳಿಯಿತು. ಅಂದರೆ ಅಲ್ಲಿ ಏನೂ ಕೊಳೆತಿರಲಿಲ್ಲ. ಹಲವು ಕಾಂಡಗಳು ಬಳೆಯಂತೆ ಸುತ್ತ ಎದ್ದು ಕೂಡಿಕೊಂಡಿದ್ದವು. ನಡುವಿನ ಜಾಗ ಮೊದಲಿನಿಂದಲೂ ಖಾಲಿ. ಅದಕ್ಕೇ ಇಂಥ ಪೊಟರೆಯ ಒಳಮೈಗೂ ತೊಗಟೆ! ನಾವು ಒಂದು ಮರ ಎಂದುಕೊಂಡದ್ದು ಕೂಡು ಕುಟುಂಬ. ಹಾಗಾದರೆ ಯಾರ ವಯಸ್ಸನ್ನು ಮರದ ವಯಸ್ಸೆನ್ನಬೇಕು? ಅತಿ ಹಿರಿಯ ಕಾಂಡದ್ದನ್ನು ಹಿಡಿಯುತ್ತಾರೆ. ಜಿಂಬಾಬ್ವೆಯ ಪಾಂಕೆ ಎಂಬ ಮರಕ್ಕೆ ಹೀಗೆ ಸಿಕ್ಕ ಲೆಕ್ಕ ಸುಮಾರು 2,450 ವರ್ಷ. ಅದು 2010-11ರಲ್ಲಿ ಸತ್ತಿತು.

ಇನ್ನೊಂದು ಮಾತು ಬರೆದುಕೊಳ್ಳಿ. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಹಾಗಾಗಿ ಪ್ರಯೋಗಾಲಯದ ಅಂಕಿಯನ್ನು ತಿದ್ದಿ ಓದಬೇಕು. ಆ ತಿದ್ದುಪಡಿಯ ಪಟ್ಟಿಗೆ ಮೊದಮೊದಲು ನೆರವಾದದ್ದು ಕ್ಯಾಲಿಫೋರ್ನಿಯಾದ ಬೆಟ್ಟಗಳ ಬ್ರಿಸಲ್‌ಕೋನ್ ಪೈನ್ ಮರಗಳು; ಅವುಗಳ ಉಂಗುರಗಳನ್ನು ಒಂದೊಂದಾಗಿ ಎಣಿಸಿ, ಆ ಉಂಗುರಗಳಲ್ಲಿನ ಇಂಗಾಲ-14ರ ಜೊತೆ ಹೋಲಿಸಿದರು.