ಧಾರವಾಡದ ಹಿತ್ತಲಿನಲ್ಲಿ ಚೆಸ್ಟ್‌ನಟ್ ಬೆಳೆಯುತ್ತದೆಯೇ?

ಪ್ರಶ್ನೆ: ಉತ್ತರಾಖಂಡದ ಪ್ರವಾಸದಿಂದ ಮರಳುವಾಗ ಒಂದಿಷ್ಟು ಚೆಸ್ಟ್‌ನಟ್ ತಂದಿದ್ದೇವೆ. ಧಾರವಾಡದ ನಮ್ಮ ಹಿತ್ತಲಿನಲ್ಲಿ ಬಿತ್ತಿದರೆ ಕಾಯಿ ಬಿಡುತ್ತದೆಯೇ?

ಉತ್ತರ: ಗಿಡ ಹುಟ್ಟಬಹುದು, ಆದರೆ ಕಾಯಿಯ ಆಸೆ ಇಟ್ಟುಕೊಳ್ಳುವುದು ಬೇಡ. ಚೆಸ್ಟ್‌ನಟ್ ಎಲೆ ಉದುರಿಸಿ ಚಳಿಗಾಲವಿಡೀ ಮಲಗುವ ಮರ. ಮಲಗಿದ ಮೊಗ್ಗುಗಳು ಸರಿಯಾಗಿ ಒಡೆಯಬೇಕಾದರೆ ವಾರಗಟ್ಟಲೆ ತೀವ್ರ ಚಳಿ ಬೀಳಬೇಕು. ಧಾರವಾಡದಲ್ಲಿ ಡಿಸೆಂಬರಿನ ಹಗಲೂ 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಬೀಜ ಮೊಳೆಯಲು ಬೇಕಾದ ತಂಪನ್ನು ಫ್ರಿಜ್ಜಿನಲ್ಲಿ ಒದಗಿಸಬಹುದು, ಮರವನ್ನು ಫ್ರಿಜ್ಜಿನಲ್ಲಿಡಲಾಗದು. ಮಣ್ಣಿನ ತೊಡಕು ಬೇರೆ: ಈ ಮರಕ್ಕೆ ನೀರು ಬಸಿದುಹೋಗುವ, ತುಸು ಆಮ್ಲೀಯವಾದ ನೆಲ ಬೇಕು, ಸುಣ್ಣದ ಅಂಶವಿರುವ, ಮಳೆಗಾಲದಲ್ಲಿ ನೀರು ಹಿಡಿದಿಡುವ ಎರೆ ಭೂಮಿ ಅದಕ್ಕೆ ಆಗಿಬರುವುದಿಲ್ಲ. ಮಸಾರಿ ಭೂಮಿಯಾದರೆ ಈ ತೊಡಕು ಕಡಿಮೆ, ಆದರೆ ಚಳಿಯ ಕೊರತೆ ಅಲ್ಲಿಯೂ ಉಳಿಯುತ್ತದೆ. ಮೇಲಾಗಿ ಒಂಟಿ ಮರ ತನ್ನದೇ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟದಿರುವುದರಿಂದ ಎರಡಾದರೂ ಮರಗಳಿರಬೇಕು.

ತಿನ್ನುವ ವಿಚಾರದಲ್ಲಿ ಇದನ್ನು ಶೇಂಗಾ, ಗೋಡಂಬಿಗಳ ಸಾಲಿಗೆ ಸೇರಿಸುವುದಕ್ಕಿಂತ ಧಾನ್ಯವೆಂದು ಎಣಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 48 ಗ್ರಾಂ ಕೊಬ್ಬಿದ್ದರೆ, ಅಷ್ಟೇ ತೂಕದ ಹಸಿ ಚೆಸ್ಟ್‌ನಟ್‌ನಲ್ಲಿರುವುದು ಸುಮಾರು 2 ಗ್ರಾಂ; ಉಳಿದದ್ದರಲ್ಲಿ ಅರ್ಧದಷ್ಟು ನೀರು, ಮಿಕ್ಕದ್ದು ಬಹುಪಾಲು ಪಿಷ್ಟ. ಆದ್ದರಿಂದಲೇ ಗೋಧಿ ಚೆನ್ನಾಗಿ ಬೆಳೆಯದ ಇಟಲಿಯ ಬೆಟ್ಟಸೀಮೆಗಳಲ್ಲಿಯೂ ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿಯೂ ಜನರು ಶತಮಾನಗಳ ಕಾಲ ಇದನ್ನು ಹೊಗೆಯಲ್ಲಿ ಒಣಗಿಸಿ, ಬೀಸಿ, ಆ ಹಿಟ್ಟನ್ನೇ ನಮ್ಮಲ್ಲಿ ಜೋಳವನ್ನು ನಂಬಿದಂತೆ ನಂಬಿ ಬದುಕಿದರು. ಉಪವಾಸಕ್ಕೆಂದು ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಕೊಳ್ಳುವ ಶಿಂಗಾಡಾ (ಇಂಗ್ಲಿಷಿನಲ್ಲಿ ವಾಟರ್ ಚೆಸ್ಟ್‌ನಟ್) ಹಿಟ್ಟು ಕೆರೆಯಲ್ಲಿ ಬೆಳೆಯುವ ಬೇರೊಂದು ಸಸ್ಯದ್ದು. ಇದಕ್ಕೂ ಅದಕ್ಕೂ ನಂಟಿಲ್ಲ.

ಹಾಗಾಗಿ ತಂದದ್ದನ್ನು ತಿಂದುಬಿಡುವುದೇ ಲೇಸು. ನೀರಿನಂಶ ಹೆಚ್ಚಿರುವುದರಿಂದ ಹೊರಗಿಟ್ಟರೆ ಬೇಗ ಬೂಸ್ಟು ಹಿಡಿಯುತ್ತದೆ. ಹುರಿಯುವ ಮೊದಲು ಪ್ರತಿಯೊಂದರ ಸಿಪ್ಪೆಯನ್ನೂ ಚಾಕುವಿನಿಂದ ಸೀಳಬೇಕು, ಇಲ್ಲವಾದರೆ ಒಳಗಿನ ಆವಿಗೆ ಅದು ಸಿಡಿಯುತ್ತದೆ. ಒಳಪೊರೆಯನ್ನು ಬಿಸಿ ಇರುವಾಗಲೇ ಸುಲಿಯಬೇಕು. ಒಲೆಗೆ ಹಾಕುವ ಮುನ್ನ ಇನ್ನೊಂದನ್ನು ಖಚಿತಪಡಿಸಿಕೊಳ್ಳಿ: ಹಿಮಾಲಯದಲ್ಲಿ ಬೆಳೆಯುವ ಹಾರ್ಸ್ ಚೆಸ್ಟ್‌ನಟ್ ನೋಡಲು ಹೀಗೆಯೇ ಇದ್ದರೂ ವಿಷಕಾರಿ. ತಿನ್ನುವ ಜಾತಿಯ ಬೀಜದ ತುದಿ ಚೂಪಾಗಿ ಸಣ್ಣ ಜುಟ್ಟಿನಂತಿರುತ್ತದೆ; ತುದಿಯೇ ಇಲ್ಲದೆ ಉರುಟಾಗಿರುವುದನ್ನು ಬಾಯಿಗೆ ಹಾಕಬಾರದು.